ಶೇಠ್ ಪ್ರೇಮಚಂದ್ ರಾಯಚಂದ್: ಹತ್ತಿಯ ಸಟ್ಟಾದಲ್ಲಿ ಗಳಿಸಿ, ಕಳೆದು, ಗೋಪುರ ಉಳಿಸಿಹೋದ ಶ್ರಾವಕ

ಕರ್ನಾಟಕದಿಂದ ಮುಂಬಯಿಗೆ ಹೋದವರು ಹೈಕೋರ್ಟಿನ ಪಕ್ಕದಲ್ಲಿ, ಓವಲ್ ಮೈದಾನದ ಅಂಚಿನಲ್ಲಿ ನಿಂತಿರುವ ಗಡಿಯಾರ ಗೋಪುರವನ್ನು ನೋಡಿಯೇ ಇರುತ್ತಾರೆ. ಸುಮಾರು 280 ಅಡಿ ಎತ್ತರದ ಆ ಗೋಪುರದ ಹೆಸರು ರಾಜಾಬಾಯಿ ಟವರ್. ರಾಜಾಬಾಯಿ ಯಾವ ಸಂಸ್ಥಾನದ ರಾಣಿಯೂ ಅಲ್ಲ. ಸೂರತ್ತಿನ ಓಸವಾಲ ಜೈನ ಮನೆತನವೊಂದರ ಗೃಹಿಣಿ. ಅವರ ಮಗ ಪ್ರೇಮಚಂದ್ ರಾಯಚಂದ್ ತಾಯಿಯ ಹೆಸರು ಉಳಿಯಲೆಂದು 1864ರಲ್ಲಿ ಈ ಗೋಪುರಕ್ಕೆ ಹಣ ಕೊಟ್ಟರು. ಹಣ ಕೊಟ್ಟ ದಿನ ಅವರು ಮುಂಬಯಿಯ ಅತಿ ದೊಡ್ಡ ಸಾಹುಕಾರರಲ್ಲಿ ಒಬ್ಬರು. ಗೋಪುರದ ಅಡಿಪಾಯಕ್ಕೆ ಕಲ್ಲು ಬೀಳುವ ಹೊತ್ತಿಗೆ ಅವರ ಬಳಿ ಆ ಸಂಪತ್ತು ಇರಲಿಲ್ಲ.

ಪ್ರೇಮಚಂದರ ದಾನಗಳ ಪಟ್ಟಿಯನ್ನು ಜೈನ ಸಮಾಜದ ಅನೇಕ ಸ್ಮರಣ ಸಂಚಿಕೆಗಳು ಅಚ್ಚು ಹಾಕಿವೆ. ಆ ಹಣ ಎಲ್ಲಿಂದ ಬಂತು, ಹೇಗೆ ಹೋಯಿತು ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಮೊಬೈಲಿನಲ್ಲಿ ಬೆರಳು ಒತ್ತಿದರೆ ಷೇರು, ಚಿನ್ನ, ಡಾಲರ್ ದರಗಳ ಮೇಲೆ ಪಂದ್ಯ ಕಟ್ಟಲು ಸಾಧ್ಯವಿರುವ ಈ ಕಾಲದಲ್ಲಿ ಅವರ ಜೀವನದ ಆ ಭಾಗವೇ ಹೆಚ್ಚು ತಿಳಿಯಬೇಕಾದದ್ದು.

ಪ್ರೇಮಚಂದ್ ಹುಟ್ಟಿದ್ದು 1831ರಲ್ಲಿ, ಸೂರತ್ತಿನಲ್ಲಿ. ದಸಾ ಓಸವಾಲ ಪಂಗಡದ ಶ್ವೇತಾಂಬರ ಮನೆತನ. ತಂದೆ ರಾಯಚಂದ್ ದೀಪಚಂದ್ ಸಾಧಾರಣ ವ್ಯಾಪಾರಿ. ಸೂರತ್ತಿನ ಬಂದರು ಅಷ್ಟರಲ್ಲಿ ಸೊರಗಿತ್ತು. ಹಡಗುಗಳೆಲ್ಲ ಮುಂಬಯಿಗೆ ಹೋಗುತ್ತಿದ್ದವು, ಹಡಗಿನ ಹಿಂದೆ ವ್ಯಾಪಾರಿಗಳೂ ಹೋದರು. ರಾಯಚಂದರ ಕುಟುಂಬವೂ ಹಾಗೆಯೇ ಮುಂಬಯಿ ಸೇರಿತು. ಹುಡುಗನನ್ನು ಎಲ್ಫಿನ್‌ಸ್ಟನ್ ಶಾಲೆಗೆ ಸೇರಿಸಿದರು. ಆ ಕಾಲದ ದಲಾಲರ ಮನೆಗಳಲ್ಲಿ ಮಕ್ಕಳಿಗೆ ಲೆಕ್ಕ, ಮಹಾಜನಿ ಬರಹ, ಬಡ್ಡಿ ಕಟ್ಟುವುದು ಬಂದರೆ ಸಾಕಾಗಿತ್ತು. ಇಂಗ್ಲಿಷ್ ಓದುವ, ಬರೆಯುವ, ಮಾತಾಡುವ ದಲಾಲ ಎಂದರೆ ಅಪರೂಪ. ಪ್ರೇಮಚಂದರ ಭಾಗ್ಯ ತೆರೆದದ್ದು ಮೊದಲು ಈ ಒಂದು ವಿದ್ಯೆಯಿಂದ.

1850ರ ದಶಕದ ಆರಂಭದಲ್ಲಿ ಅವರು ರತನ್‌ಚಂದ್ ಲಾಲಾ ಎಂಬ ಹೆಸರಾಂತ ದಲಾಲರ ಬಳಿ ಸಹಾಯಕರಾಗಿ ಸೇರಿದರು. ಲಾಲಾ ಅವರಿಗೆ ಇಂಗ್ಲಿಷ್ ಬಾರದು. ಕೋಟೆಯೊಳಗಿನ ಬ್ಯಾಂಕುಗಳಲ್ಲಿ, ಯುರೋಪಿಯನ್ ಕಂಪನಿಗಳಲ್ಲಿ ಮಾತಾಡಲು ಈ ಹುಡುಗನೇ ಬೇಕಾಗಿತ್ತು. ಕೆಲವು ವರ್ಷಗಳಲ್ಲಿ ಲಾಲಾ ತೀರಿಕೊಂಡರು, ಅವರ ಗಿರಾಕಿಗಳು ಪ್ರೇಮಚಂದರ ಕೈಗೆ ಬಂದರು. ವ್ಯವಹಾರವನ್ನು ಕಾಗದದಲ್ಲಿ ಬರೆದುಕೊಳ್ಳದೆ ದಿನವಿಡೀ ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದರು ಎಂದು ಅವರ ನೆನಪಿನ ಶಕ್ತಿಯ ಬಗ್ಗೆ ಹೇಳುವುದುಂಟು. ಆಗ ಮುಂಬಯಿಯಲ್ಲಿ ಷೇರು ದಲಾಲರ ಸಂಖ್ಯೆ ಬೆರಳೆಣಿಕೆಯಷ್ಟು. ಟೌನ್‌ಹಾಲ್ ಎದುರಿನ ಆಲದ ಮರದ ಕೆಳಗೆ ಸೇರಿ ವ್ಯವಹಾರ ಮುಗಿಸಿ ಮನೆಗೆ ಹೋಗುತ್ತಿದ್ದರು. ಅವರಿಗೊಂದು ಕಟ್ಟಡವಾಗಲಿ ನಿಯಮವಾಗಲಿ ಇರಲಿಲ್ಲ.

ಮಾತಿಗೆ ತಪ್ಪದ ದಲಾಲ ಎಂಬ ಹೆಸರು ಅವರಿಗೆ ಬಂತು. ದಲಾಲಿಯಲ್ಲಿ ಬಂಡವಾಳ ಅದೇ. 1860ಕ್ಕೆ ಬರುವಾಗ ಅವರು ಅನುಕೂಲಸ್ಥರು, ಗೌರವಸ್ಥರು; ಅಷ್ಟೇ. ಅವರ ಹೆಸರು ಲಂಡನ್ನಿಗೆ ಮುಟ್ಟಲು ಅಮೆರಿಕದಲ್ಲಿ ಯುದ್ಧ ನಡೆಯಬೇಕಾಯಿತು.

ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳಿಂದ ಬರುತ್ತಿತ್ತು. 1861ರಲ್ಲಿ ಅಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಶುರುವಾಗಿ, ದಕ್ಷಿಣದ ಬಂದರುಗಳಿಗೆ ಉತ್ತರದ ನೌಕಾಪಡೆ ಅಡ್ಡಗಟ್ಟಿತು. ಲಿವರ್‌ಪೂಲ್‌ನಲ್ಲಿ ಹತ್ತಿಯ ದರ ಮೂರು ವರ್ಷಗಳಲ್ಲಿ ನಾಲ್ಕು ಪಟ್ಟಿನ ಹತ್ತಿರಕ್ಕೆ ಏರಿತು. ಲಂಕಾಶೈರಿನ ನೇಕಾರರು ಉಪವಾಸ ಬಿದ್ದರು, ಮುಂಬಯಿಯ ಗೋದಾಮುಗಳು ತುಂಬಿದವು. ಯುದ್ಧದ ವರ್ಷಗಳಲ್ಲಿ ಹತ್ತಿಯಿಂದ ಮುಂಬಯಿಗೆ ಮಾಮೂಲಿಗಿಂತ ಹೆಚ್ಚಾಗಿ ಬಂದ ಹಣ 7 ಕೋಟಿ ಪೌಂಡಿಗೂ ಮಿಕ್ಕಿತ್ತು ಎಂದು ಆ ಕಾಲದವರು ಲೆಕ್ಕ ಹಾಕಿದ್ದಾರೆ.

ಈ ಕಥೆಯಲ್ಲಿ ಕನ್ನಡ ನಾಡಿಗೂ ಪಾಲಿದೆ. ಮುಂಬಯಿಯ ಹತ್ತಿ ಪೇಟೆಯಲ್ಲಿ ಧೋಲೇರಾ, ಭರೂಚ್, ಉಮರಾವತಿ ಎಂಬ ಹೆಸರುಗಳ ಜೊತೆಗೆ ಧಾರವಾಡ, ಕುಮಟಾ ಎಂಬ ಹೆಸರುಗಳೂ ಓಡಾಡುತ್ತಿದ್ದವು. ಧಾರವಾಡದ ಎರೆಭೂಮಿಯಲ್ಲಿ 1840ರ ದಶಕದಿಂದಲೇ ಅಮೆರಿಕನ್ ಬೀಜದ ಹತ್ತಿ ಬೆಳೆಯುತ್ತಿದ್ದರು. ಎತ್ತಿನ ಗಾಡಿಗಳಲ್ಲಿ ಅಂಡಿಗೆ ಹೇರಿಕೊಂಡು ಘಟ್ಟ ಇಳಿದು ಕುಮಟಾ ಬಂದರಿಗೆ ತಂದರೆ, ಅಲ್ಲಿಂದ ದೋಣಿಗಳಲ್ಲಿ ಮುಂಬಯಿಗೆ. ಕಾರವಾರದಲ್ಲಿ ದೊಡ್ಡ ಬಂದರು ಕಟ್ಟುವ ಆಸೆಯಿಂದಲೇ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದು. ದರ ಏರಿದಾಗ ಕಲಬೆರಕೆಯೂ ಏರಿತು. ಒಳ್ಳೆಯ ಹತ್ತಿಯಲ್ಲಿ ಹಳೆಯದು, ಕಸ, ಬೀಜ ಬೆರೆಸಿ ತೂಕ ಹೆಚ್ಚಿಸುವವರನ್ನು ಹಿಡಿಯಲು 1863ರಲ್ಲಿ ಮುಂಬಯಿ ಸರಕಾರ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ಆ ವರ್ಷಗಳಲ್ಲಿ ಕೆಲವು ರೈತರು ಗಾಡಿಯ ಗಾಲಿಗೆ ಬೆಳ್ಳಿ ಪಟ್ಟಿ ಕಟ್ಟಿಸಿದರು ಎಂಬ ಮಾತು ಹತ್ತಿ ಬೆಳೆಯುವ ಸೀಮೆಗಳಲ್ಲೆಲ್ಲ ಇತ್ತು. ಎಷ್ಟು ನಿಜವೋ, ಎಷ್ಟು ಹೊಟ್ಟೆಕಿಚ್ಚಿನ ಮಾತೋ.

ಹತ್ತಿಯ ದರ ತೀರ್ಮಾನವಾಗುತ್ತಿದ್ದುದು ಲಿವರ್‌ಪೂಲ್‌ನಲ್ಲಿ. ಆ ಸುದ್ದಿ ಮುಂಬಯಿಗೆ ಬರುತ್ತಿದ್ದುದು ಟಪಾಲು ಹಡಗಿನಲ್ಲಿ, ವಾರಗಟ್ಟಲೆ ತಡವಾಗಿ. ಸುದ್ದಿ ಮೊದಲು ತಿಳಿದವನಿಗೆ ಲಾಭ. ಹಡಗು ದಡ ಮುಟ್ಟುವ ಮೊದಲೇ ಸಮುದ್ರಕ್ಕೆ ಚಿಕ್ಕ ದೋಣಿ ಕಳಿಸಿ ಪತ್ರಗಳನ್ನು ತರಿಸಿಕೊಳ್ಳುವ ವ್ಯವಸ್ಥೆ ಪ್ರೇಮಚಂದರದು ಎಂದು ಹೇಳುತ್ತಾರೆ. ಊರೂರುಗಳಲ್ಲಿ ಹತ್ತಿ ಕೊಳ್ಳುವ ಗುಮಾಸ್ತರೂ ಇದ್ದರು. ಉಳಿದ ವ್ಯಾಪಾರಿಗಳು ಹಳೆಯ ದರದಲ್ಲಿ ಮಾರುತ್ತಿರುವಾಗ ಅವರಿಗೆ ಹೊಸ ದರ ಗೊತ್ತಿರುತ್ತಿತ್ತು. ಇಲ್ಲಿಯವರೆಗೆ ಇದು ಚುರುಕಿನ ವ್ಯಾಪಾರ. ಮಾಲು ಇತ್ತು, ಗೋದಾಮು ಇತ್ತು, ಹಡಗು ಇತ್ತು.

ಹಣ ಮಿತಿಮೀರಿ ಬಂದ ಮೇಲೆ ಅದನ್ನು ಇಡುವುದು ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಉತ್ತರವಾಗಿ ಕಂಪನಿಗಳು ಹುಟ್ಟಿದವು. ಬ್ಯಾಂಕು, ಹಡಗು, ವಿಮೆ, ಹತ್ತಿ ಒತ್ತುವ ಪ್ರೆಸ್ಸು, ಸಮುದ್ರ ತುಂಬಿಸಿ ನೆಲ ಮಾಡುವ ಕಂಪನಿ. 1865ರ ಜನವರಿಯ ಹೊತ್ತಿಗೆ ಮುಂಬಯಿಯಲ್ಲಿ 31 ಬ್ಯಾಂಕುಗಳು, 16 ಹಣಕಾಸು ಸಂಸ್ಥೆಗಳು, 8 ಭೂಮಿ ಕಂಪನಿಗಳಿದ್ದವು. ಹತ್ತು ವರ್ಷದ ಹಿಂದೆ ಇವುಗಳಲ್ಲಿ ಹೆಚ್ಚಿನವುಗಳ ಹೆಸರೇ ಇರಲಿಲ್ಲ. ಅನೇಕ ಕಂಪನಿಗಳಿಗೆ ಮಾಡಲು ಕೆಲಸವೂ ಇರಲಿಲ್ಲ; ಒಂದು ಕಂಪನಿ ಇನ್ನೊಂದರ ಷೇರು ಕೊಳ್ಳುವುದೇ ಅವುಗಳ ಕೆಲಸ. ಇವುಗಳಲ್ಲಿ ದೊಡ್ಡದು ಬ್ಯಾಕ್ ಬೇ ರಿಕ್ಲಮೇಷನ್ ಕಂಪನಿ. ಕೊಲಾಬಾದಿಂದ ಮಲಬಾರ್ ಹಿಲ್ ಕಡೆಗೆ ಬಾಗಿರುವ ಕೊಲ್ಲಿಯನ್ನು ತುಂಬಿಸಿ ನೆಲ ಮಾಡಿ ಮಾರುವುದು ಅದರ ಉದ್ದೇಶ. 5,000 ರೂಪಾಯಿ ಕಟ್ಟಿದ ಅದರ ಒಂದು ಷೇರಿಗೆ ಪೇಟೆಯಲ್ಲಿ 50,000 ರೂಪಾಯಿಯವರೆಗೂ ದರ ಹೋಯಿತು. ತುಂಬಿಸಬೇಕಾದ ಜಾಗದಲ್ಲಿ ಇನ್ನೂ ನೀರಿತ್ತು.

ಈ ಕಂಪನಿಗಳ ಹಿಂದೆ ಪ್ರೇಮಚಂದರ ಕೈ ಇತ್ತು. ಏಷಿಯಾಟಿಕ್ ಬ್ಯಾಂಕಿಂಗ್ ಕಾರ್ಪೊರೇಷನ್ ಎಂಬ ಬ್ಯಾಂಕನ್ನು ನಡೆಸುತ್ತಿದ್ದವರೇ ಅವರು. ಯಾವುದೇ ಹೊಸ ಕಂಪನಿಯ ಷೇರು ಹಂಚುವಾಗ ಯಾರಿಗೆ ಎಷ್ಟು ಎಂಬುದರಲ್ಲಿ ಅವರ ಮಾತು ನಡೆಯುತ್ತಿತ್ತು. ಬೈಕುಲಾದ ಅವರ ಮನೆ ಪ್ರೇಮೋದ್ಯಾನದ ಬಾಗಿಲಲ್ಲಿ ಬೆಳಗಾದರೆ ಜನ. ಪಾರಸಿ ಶೇಠರು, ಭಾಟಿಯಾ ವ್ಯಾಪಾರಿಗಳು, ಇಂಗ್ಲಿಷ್ ಅಧಿಕಾರಿಗಳು, ಗುಮಾಸ್ತರು, ಎಲ್ಲರಿಗೂ ಒಂದೆರಡು ಷೇರು ಬೇಕು. ಬಂದ ಷೇರನ್ನು ಆ ಸಂಜೆಯೇ ಲಾಭಕ್ಕೆ ಮಾರಬಹುದು. ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸದಿರುವುದು ಪ್ರೇಮಚಂದರ ಗುಣ. ಅದು ಔದಾರ್ಯವೂ ಹೌದು. ಆದರೆ ತನ್ನಿಂದ ಉಪಕಾರ ಪಡೆದವರೇ ಊರಿನ ಬ್ಯಾಂಕುಗಳಲ್ಲೂ ಕಚೇರಿಗಳಲ್ಲೂ ತುಂಬಿರುವಾಗ ತಪ್ಪನ್ನು ತಪ್ಪು ಎನ್ನಲು ಯಾರೂ ಉಳಿಯುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಷೇರು ಕೊಳ್ಳಲು ಹಣವೇ ಬೇಡವೆಂಬ ಸ್ಥಿತಿ ಬಂದದ್ದು ವಾಯಿದಾ ವ್ಯವಹಾರದಿಂದ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. 1864ರ ಕೊನೆಯಲ್ಲಿ ಒಬ್ಬನು ಇನ್ನೊಬ್ಬನಿಗೆ ಮಾತು ಕೊಡುತ್ತಾನೆ: ಮುಂದಿನ ಜುಲೈ 1ರಂದು ನಿನ್ನಿಂದ ಒಂದು ಷೇರನ್ನು 40,000 ರೂಪಾಯಿಗೆ ಕೊಳ್ಳುತ್ತೇನೆ ಎಂದು. ಈಗ ಕೊಡಬೇಕಾದದ್ದು ಏನೂ ಇಲ್ಲ, ಅಥವಾ ಅಲ್ಪ. ಮಾರುವವನ ಬಳಿಯೂ ಷೇರು ಇರಬೇಕೆಂದಿಲ್ಲ. ಜುಲೈಯಲ್ಲಿ ದರ 45,000 ಆಗಿದ್ದರೆ ಮಾರಿದವನು 5,000 ಕೊಟ್ಟು ಲೆಕ್ಕ ತೀರಿಸುತ್ತಾನೆ. 30,000 ಆಗಿದ್ದರೆ ಕೊಂಡವನು 10,000 ಕೊಡಬೇಕು. ಷೇರು ಕೈ ಬದಲಾಗುವುದೇ ಇಲ್ಲ. ಬದಲಾಗುವುದು ದರದ ಅಂತರ ಮಾತ್ರ. ಒಂದು ಷೇರು ಕೊಳ್ಳುವ ಶಕ್ತಿ ಇಲ್ಲದವನೂ ಹತ್ತು ಷೇರುಗಳ ಮಾತು ಕೊಡಬಹುದು, ಅದನ್ನು ತೀರಿಸಲು ಇನ್ನೊಬ್ಬನಿಂದ ಬಂದ ಮಾತನ್ನು ನಂಬಬಹುದು. ಮುಂಬಯಿಯಲ್ಲಿ ಹೀಗೆ ಮಾತಿನ ಮೇಲೆ ಮಾತು ಕಟ್ಟಿಕೊಂಡು, ಬಹುಪಾಲು ಲೆಕ್ಕಗಳ ಗಡುವು 1865ರ ಜುಲೈ 1 ಎಂದು ಗೊತ್ತಾಗಿತ್ತು.

ಲಂಡನ್ನಿನಲ್ಲಿ 1974ರಲ್ಲಿ ಚಿನ್ನ ಇಟ್ಟುಕೊಳ್ಳದೆ ಚಿನ್ನದ ದರದ ಏರಿಳಿತದ ಮೇಲೆ ಮಾತ್ರ ಹಣ ಹೂಡಿಸುವ ಕಂಪನಿ ಶುರುವಾಯಿತು. ಅಲ್ಲಿ ಅದಕ್ಕೆ ಸ್ಪ್ರೆಡ್ ಬೆಟ್ಟಿಂಗ್ ಎನ್ನುತ್ತಾರೆ, ಅಂದರೆ ದರದ ಅಂತರದ ಮೇಲೆ ಪಂದ್ಯ. ದರ ಒಂದು ಅಂಶ ಕದಲಿದರೆ ಇಷ್ಟು ಹಣ ಎಂದು ಲೆಕ್ಕ. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಅಂತರ ಕಂಪನಿಯ ಪಾಲು. ಕಟ್ಟುವ ಮುಂಗಡ ಸಣ್ಣದು, ಬರುವ ನಷ್ಟಕ್ಕೆ ಆ ಮುಂಗಡದ ಮಿತಿ ಇರಲೇಬೇಕೆಂದಿಲ್ಲ. ಇದೇನೂ ಇಂಗ್ಲಿಷರ ಹೊಸ ಶೋಧವಲ್ಲ. ಮುಂಬಯಿಯಲ್ಲಿ ಅಫೀಮಿನ ತೇಜಿ-ಮಂದಿ ಇತ್ತು. ಪಾಯ್‌ಧುನಿ ಭಾಗದಲ್ಲಿ ಮಳೆ ಬರುವುದೋ ಇಲ್ಲವೋ ಎಂಬುದರ ಮೇಲೂ ಸಟ್ಟಾ ನಡೆಯುತ್ತಿತ್ತು, 1890ರಲ್ಲಿ ಕಾನೂನು ಅದನ್ನು ತಡೆಯಿತು. ಇವತ್ತು ಭಾರತದಲ್ಲಿ ಷೇರು ಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗ ಕಾನೂನುಬದ್ಧ, ಅದಕ್ಕೆ ನಿಯಮವಿದೆ, ಮೇಲ್ವಿಚಾರಣೆ ಇದೆ. ಆದರೂ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಅದರಲ್ಲಿ ಕೈ ಹಾಕಿದ ಬಿಡಿ ಹೂಡಿಕೆದಾರರಲ್ಲಿ 100ಕ್ಕೆ 93 ಮಂದಿ ನಷ್ಟ ಅನುಭವಿಸಿದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತು ಎಂದು ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ.

ಶ್ರಾವಕನಿಗೆ ಇಲ್ಲಿ ಒಂದು ತೊಡಕು ಇದೆ. ಸಪ್ತ ವ್ಯಸನಗಳಲ್ಲಿ ಮೊದಲನೆಯದೇ ಜೂಜು. ಉಳಿದ ಆರು ವ್ಯಸನಗಳನ್ನು ಗುರುತಿಸುವುದು ಸುಲಭ, ಮನೆಯವರಿಗೂ ಬೇಗ ತಿಳಿಯುತ್ತದೆ. ಜೂಜು ಹಾಗಲ್ಲ, ಅದು ವ್ಯಾಪಾರದ ಅಂಗಿ ತೊಟ್ಟು ಬರುತ್ತದೆ. ಕೃಷಿಯಲ್ಲಿ ಜೀವಹಿಂಸೆ ಹೆಚ್ಚೆಂದು ಬಹಳಷ್ಟು ಜೈನ ಮನೆತನಗಳು ವ್ಯಾಪಾರ, ಲೇವಾದೇವಿ ಹಿಡಿದವು. ವ್ಯಾಪಾರವೆಂದ ಮೇಲೆ ಮುಂದಿನ ದರವನ್ನು ಊಹಿಸದೆ ನಡೆಯದು. ಹತ್ತಿ ಕೊಂಡು ಗೋದಾಮಿನಲ್ಲಿಟ್ಟವನೂ ದರ ಏರಲಿ ಎಂದೇ ಕಾಯುತ್ತಾನೆ. ಹಾಗಾದರೆ ಗೆರೆ ಎಲ್ಲಿ? ಆಗಿನ ಕಾನೂನು ಅದನ್ನು ಹುಡುಕಲು ಹೊರಟಿತು. ಕೊಳ್ಳುವ ಕೊಡುವ ಉದ್ದೇಶವೇ ಇಬ್ಬರಿಗೂ ಇಲ್ಲದೆ, ಅಂತರ ಮಾತ್ರ ತೀರಿಸುವ ಕರಾರಾದರೆ ಅದು ಪಂದ್ಯ, ನ್ಯಾಯಾಲಯ ಆ ಹಣ ಕೊಡಿಸುವುದಿಲ್ಲ ಎಂಬ ತತ್ವ ಬೆಳೆಯಿತು. 1865ರಲ್ಲೇ ಮುಂಬಯಿ ಪ್ರಾಂತದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಂದ್ಯಕ್ಕೆ ನೆರವಾಗುವ ಕರಾರುಗಳೂ ಅಸಿಂಧು ಎಂದು ಕಾನೂನು ಬಂತು. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮು ಇಂದಿಗೂ ಪಂದ್ಯದ ಕರಾರನ್ನು ಅಸಿಂಧು ಎನ್ನುತ್ತದೆ. ಶ್ರಾವಕರ ವ್ರತಗಳಲ್ಲಿ ಬರುವ ಪರಿಗ್ರಹ ಪರಿಮಾಣ ಇದಕ್ಕಿಂತ ಸರಳ: ಇಷ್ಟು ಸಾಕು ಎಂದು ಮೊದಲೇ ಅಳತೆ ಹಾಕಿಕೊಳ್ಳುವುದು. 1864ರ ಮುಂಬಯಿಯಲ್ಲಿ ಆ ಅಳತೆ ಯಾರ ಬಳಿಯೂ ಇದ್ದಂತೆ ಕಾಣುವುದಿಲ್ಲ, ಪ್ರೇಮಚಂದರ ಬಳಿಯೂ.

ಮುಂಬಯಿ ಬ್ಯಾಂಕಿನ ಪ್ರಕರಣ ಅವರ ಬದುಕಿನ ಅತ್ಯಂತ ಕಹಿಯಾದ ಭಾಗ. ಬ್ಯಾಂಕ್ ಆಫ್ ಬಾಂಬೆ 1840ರಲ್ಲಿ ಸರಕಾರದ ಪಾಲುದಾರಿಕೆಯಿಂದ ಆರಂಭವಾದ ಬ್ಯಾಂಕು. ಷೇರುಗಳ ಅಡವಿನ ಮೇಲೆ ಸಾಲ ಕೊಡಬಾರದೆಂಬ ನಿಯಮ ಅದಕ್ಕಿತ್ತು. 1863ರಲ್ಲಿ ಬ್ಯಾಂಕಿನ ಕಾನೂನು ತಿದ್ದಿದಾಗ ಆ ಬಿಗಿ ಸಡಿಲವಾಯಿತು. ಆಮೇಲೆ ಬ್ಯಾಂಕಿನ ಹಣ ಹೊಸ ಕಂಪನಿಗಳ ಷೇರು ಅಡವಿಟ್ಟವರಿಗೆ ಹರಿಯಿತು. ಕೆಲವೊಮ್ಮೆ ಅಡವೂ ಇಲ್ಲದೆ, ಬರಿಯ ಸಹಿಯ ಮೇಲೆ. ಬ್ಯಾಂಕಿನ ಕಾರ್ಯದರ್ಶಿಯ ಮೇಲೆ ಪ್ರೇಮಚಂದರಿಗಿದ್ದ ಪ್ರಭಾವ ಎಷ್ಟೆಂದರೆ ಅವರ ಶಿಫಾರಸು ಇದ್ದವರಿಗೆ ಸಾಲ ಸಿಗುತ್ತಿತ್ತು. ಅವರು ಸ್ವತಃ ದೊಡ್ಡ ಮೊತ್ತ ಪಡೆದರು. ಸರಕಾರ ನೇಮಿಸಿದ ನಿರ್ದೇಶಕರೂ ಮಂಡಳಿಯಲ್ಲಿದ್ದರು, ಅವರು ತಡೆಯಲಿಲ್ಲ. ಕಾನೂನು ತಿದ್ದಿದವರೂ ಸಾಲ ಕೊಟ್ಟವರೂ ಬೇರೆಯವರೇ ಎಂಬುದನ್ನು ಮರೆಯಬಾರದು, ಆದರೆ ಪ್ರೇಮಚಂದರನ್ನು ಈ ಲೆಕ್ಕದಿಂದ ಹೊರಗಿಡುವುದೂ ಸಾಧ್ಯವಿಲ್ಲ. ದಾನಿ ಎಂಬ ಕಾರಣಕ್ಕೆ ಈ ಅಧ್ಯಾಯವನ್ನು ಹಾರಿಸಿಬಿಡುವ ಚರಿತ್ರೆಗಳು ಅವರಿಗೆ ಉಪಕಾರ ಮಾಡುವುದಿಲ್ಲ.

1865ರ ಏಪ್ರಿಲ್ 9ರಂದು ಅಮೆರಿಕದಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದರು. ಯುದ್ಧ ಮುಗಿದಂತೆ. ಮುಂಬಯಿಗೆ ಆ ಸುದ್ದಿ ತಲುಪಿದಾಗ ಹತ್ತಿಯ ದರ ಕುಸಿಯಿತು, ಹತ್ತಿಯನ್ನು ನಂಬಿದ್ದ ವ್ಯಾಪಾರಿಗಳು ಮೇ ತಿಂಗಳಿನಿಂದ ಒಬ್ಬೊಬ್ಬರಾಗಿ ಕೈ ಎತ್ತಿದರು. ಜುಲೈ 1 ಬಂದಾಗ ಕೊಡಬೇಕಾದವರೆಲ್ಲ ತಮಗೆ ಬರಬೇಕಾದವರ ಕಡೆ ಬೆರಳು ತೋರಿಸಿದರು. ಆ ದಿನದ ನಂತರ ಷೇರಿಗೆ ಕೊಳ್ಳುವವರೇ ಇರಲಿಲ್ಲ. 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ ಷೇರು 87 ರೂಪಾಯಿಗೆ ಇಳಿಯಿತು. 50,000ದ ಬ್ಯಾಕ್ ಬೇ ಷೇರು 2,000ಕ್ಕೂ ಕೆಳಗೆ ಬಂತು. ಬೀದಿಗೆ ಬಂದವರು ಶೇಠರು ಮಾತ್ರವಲ್ಲ. ವಿಧವೆಯರು ಒಡವೆ ಮಾರಿ ಹಾಕಿದ ಹಣ, ಗುಮಾಸ್ತರು ಪಗಾರದಲ್ಲಿ ಉಳಿಸಿದ ಹಣ, ಮಗಳ ಮದುವೆಗೆ ತೆಗೆದಿಟ್ಟ ಹಣ, ಎಲ್ಲವೂ ಅದೇ ಪೇಟೆಯಲ್ಲಿತ್ತು.

ಪ್ರೇಮಚಂದ್ ತಕ್ಷಣ ಬೀಳಲಿಲ್ಲ. ಅವರು ಬಿದ್ದರೆ ಇಡೀ ಪೇಟೆ ಬೀಳುತ್ತದೆಂದು ಬ್ಯಾಂಕು ಇನ್ನಷ್ಟು ಕಾಲ ಅವರನ್ನು ಎತ್ತಿ ಹಿಡಿಯಿತು. ಅದರಿಂದ ಬ್ಯಾಂಕಿನ ನಷ್ಟ ಹೆಚ್ಚಿತು ಅಷ್ಟೆ. 1866ರಲ್ಲಿ ಅವರ ವ್ಯವಹಾರ ನಿಂತಿತು, ಏಷಿಯಾಟಿಕ್ ಬ್ಯಾಂಕೂ ಮುಳುಗಿತು. ಬ್ಯಾಂಕ್ ಆಫ್ ಬಾಂಬೆಯ ಸುಮಾರು 2 ಕೋಟಿ ರೂಪಾಯಿ ಬಂಡವಾಳದಲ್ಲಿ ಬಹುಪಾಲು ಕರಗಿತ್ತು. ಅದನ್ನು ಮುಚ್ಚಿ 1868ರಲ್ಲಿ ಹೊಸ ಬ್ಯಾಂಕ್ ಆಫ್ ಬಾಂಬೆ ತೆರೆದರು. ಅದೇ ವರ್ಷ ಸರ್ ಚಾರ್ಲ್ಸ್ ಜಾಕ್ಸನ್ ಅವರ ನೇತೃತ್ವದ ಆಯೋಗ ವಿಚಾರಣೆಗೆ ಕೂತಿತು. ಹೊಸ ಬ್ಯಾಂಕು ಮುಂದೆ 1921ರಲ್ಲಿ ಇಂಪೀರಿಯಲ್ ಬ್ಯಾಂಕಿನಲ್ಲಿ ಸೇರಿತು, ಇಂಪೀರಿಯಲ್ ಬ್ಯಾಂಕು 1955ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆಯಿತು.

ಇನ್ನು ದಾನದ ವಿಷಯ. 1864ರ ಆಗಸ್ಟಿನಲ್ಲಿ ಪ್ರೇಮಚಂದ್ ಮುಂಬಯಿ ವಿಶ್ವವಿದ್ಯಾಲಯಕ್ಕೆ ಗ್ರಂಥಾಲಯ ಕಟ್ಟಲು 2 ಲಕ್ಷ ರೂಪಾಯಿ ಕೊಟ್ಟರು. ಕೆಲವೇ ವಾರಗಳ ನಂತರ, ದೊಡ್ಡ ಗಡಿಯಾರ ಮತ್ತು ಗಂಟೆಗಳಿರುವ ಗೋಪುರಕ್ಕೆಂದು ಇನ್ನೂ 2 ಲಕ್ಷ. ಎರಡನೆಯದಕ್ಕೆ ಇಟ್ಟ ಷರತ್ತು ಒಂದೇ, ತಾಯಿಯ ಹೆಸರು. ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಆಗ ಏಳೇ ವರ್ಷ, ಅದಕ್ಕೆ ಸ್ವಂತ ಕಟ್ಟಡ ಇರಲಿಲ್ಲ. ಕಲ್ಕತ್ತಾ ವಿಶ್ವವಿದ್ಯಾಲಯಕ್ಕೂ 2 ಲಕ್ಷ ಕೊಟ್ಟರು. ಅದರ ಬಡ್ಡಿಯಿಂದ 1866ರಲ್ಲಿ ಪ್ರೇಮಚಂದ್ ರಾಯಚಂದ್ ವಿದ್ಯಾರ್ಥಿ ವೇತನ ಏರ್ಪಟ್ಟಿತು. ಗುಜರಾತಿನಲ್ಲಿ ತಂದೆಯ ಹೆಸರಿನಲ್ಲಿ ಸೂರತ್ತಿನ ಹೆಣ್ಣುಮಕ್ಕಳ ಶಾಲೆ, ಭರೂಚಿನ ಪುಸ್ತಕಾಲಯ. ಧರ್ಮಶಾಲೆಗಳು, ಬರಗಾಲದ ನೆರವು ಬೇರೆ. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಬೇಕೆ ಎಂದು ದೊಡ್ಡ ಮನೆತನಗಳೇ ಅನುಮಾನಿಸುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳ ಶಾಲೆಗೆ ಹಣ ಕೊಟ್ಟದ್ದು ಗೋಪುರಕ್ಕಿಂತ ದೊಡ್ಡ ಮಾತು.

ಈ ದಾನಗಳ ಬಗ್ಗೆ ಎರಡು ರೀತಿಯ ಮಾತು ಆಗಲೂ ಇತ್ತು, ಈಗಲೂ ಇದೆ. ಸಟ್ಟಾದ ಹಣದಿಂದ ಮಾಡಿದ ದಾನಕ್ಕೆ ಬೆಲೆಯೇನು ಎಂದು ಕೆಲವರು. ಸಾಲಗಾರರಿಗೆ ಸೇರಬೇಕಾದದ್ದು ದಾನಕ್ಕೆ ಹೋಯಿತು ಎಂದು ಕೆಲವರು. ಎರಡನೆಯ ಆಕ್ಷೇಪ ಪೂರ್ತಿ ನಿಲ್ಲುವುದಿಲ್ಲ. ಮುಂಬಯಿಯ ದೊಡ್ಡ ದಾನ ಕೊಟ್ಟಾಗ ಅವರು ದಿವಾಳಿಯಾಗಿರಲಿಲ್ಲ, ಹಣ ವಿಶ್ವವಿದ್ಯಾಲಯದ ಕೈ ಸೇರಿಯಾಗಿತ್ತು. ಮೊದಲನೆಯದಕ್ಕೆ ಉತ್ತರ ಹೇಳುವುದು ಕಷ್ಟ. ಸತ್ಯವೇನೆಂದರೆ 1864ರಲ್ಲಿ ಅದೇ ಪೇಟೆಯಲ್ಲಿ ಅವರಷ್ಟೇ ಗಳಿಸಿದ ಹಲವರಿದ್ದರು. ಅವರ ಹಣವೂ ಮರುವರ್ಷ ಹೋಯಿತು, ಏನೂ ಉಳಿಯಲಿಲ್ಲ. ಪ್ರೇಮಚಂದರ ಸಂಪತ್ತಿನಲ್ಲಿ ಉಳಿದದ್ದು ಅವರು ಕೊಟ್ಟುಬಿಟ್ಟ ಭಾಗ ಮಾತ್ರ.

ಗೋಪುರದ ನಕ್ಷೆಯನ್ನು ಇಂಗ್ಲೆಂಡಿನಲ್ಲಿ ಕೂತು ಬರೆದವರು ವಾಸ್ತುಶಿಲ್ಪಿ ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟ್. ಅವರು ಮುಂಬಯಿಗೆ ಬರಲೇ ಇಲ್ಲ. 1869ರ ಮಾರ್ಚ್ 1ರಂದು ಕೆಲಸ ಶುರುವಾಗಿ 1878ರ ನವೆಂಬರಿನಲ್ಲಿ ಮುಗಿಯಿತು. ಆ ಒಂಬತ್ತು ವರ್ಷಗಳಲ್ಲಿ ಪ್ರೇಮಚಂದ್ ಅದೇ ಕೋಟೆ ಪ್ರದೇಶದಲ್ಲಿ ಸಾಮಾನ್ಯ ದಲಾಲರಾಗಿ ಓಡಾಡುತ್ತಿದ್ದರು. ಗೋಪುರದ ಮೇಲ್ಭಾಗದಲ್ಲಿ ಪಶ್ಚಿಮ ಭಾರತದ ಬೇರೆ ಬೇರೆ ಸಮುದಾಯದವರ ಕಲ್ಲಿನ ಮೂರ್ತಿಗಳಿವೆ. ಕೆಳಗೆ ಗ್ರಂಥಾಲಯ. 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮುಂಬಯಿಯ ಕಟ್ಟಡಗಳ ಗುಂಪಿನಲ್ಲಿ ಇದೂ ಒಂದು.

ರಾಜಾಬಾಯಿಯವರ ಬಗ್ಗೆ ಜೈನ ಮನೆಗಳಲ್ಲಿ ಹೇಳುವ ಕಥೆಯೊಂದಿದೆ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ರಾತ್ರಿ ಭೋಜನ ತ್ಯಾಗದ ನಿಯಮ ಬಿಟ್ಟವರಲ್ಲ. ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕು. ಹೊತ್ತು ಎಷ್ಟಾಯಿತೆಂದು ಯಾರನ್ನೂ ಕೇಳದೆ ಗಂಟೆಯ ಸದ್ದಿನಿಂದಲೇ ತಿಳಿಯಲಿ ಎಂದು ಮಗ ಗೋಪುರ ಕಟ್ಟಿಸಿದ ಎಂಬುದು ಕಥೆ. ಇದಕ್ಕೆ ದಾಖಲೆ ಹುಡುಕುವುದು ಬೇಡ. ದಾನಪತ್ರದಲ್ಲಿ ಇರುವುದು ತಾಯಿಯ ಹೆಸರು ಮಾತ್ರ. ಹೊತ್ತು ಇಳಿಯುವ ಮುನ್ನ ಉಂಡೇಳುವ ಮನೆಗಳಲ್ಲಿ ಬೆಳೆದವರಿಗೆ ಈ ಕಥೆ ನಂಬಲು ಕಷ್ಟವೂ ಆಗದು.

ದಿವಾಳಿಯ ನಂತರ ಪ್ರೇಮಚಂದ್ ಊರು ಬಿಟ್ಟು ಹೋಗಲಿಲ್ಲ. ಇದ್ದುದನ್ನು ಸಾಲಗಾರರಿಗೆ ಒಪ್ಪಿಸಿ, ಮೂವತ್ತೈದರ ಹೊಸ್ತಿಲಲ್ಲಿ ಮತ್ತೆ ದಲಾಲಿಗೆ ಇಳಿದರು. ಅವರ ಮಾತಿನಿಂದ ಹಣ ಕಳೆದುಕೊಂಡವರು ಅದೇ ಬೀದಿಗಳಲ್ಲಿ ಎದುರಾಗುತ್ತಿದ್ದರು. ಅವರ ನಡುವೆ ದಿನವೂ ಹೋಗಿ ಕೂತು, ಇತರರ ಷೇರನ್ನು ಇತರರಿಗೆ ಕೊಡಿಸಿ, ಸಣ್ಣ ಕಮಿಷನ್ನಿನಲ್ಲಿ ಮತ್ತೆ ವ್ಯವಹಾರ ಕಟ್ಟಿದರು. ಹಿಂದಿನ ಎತ್ತರಕ್ಕೆ ಏರಲಿಲ್ಲ. ಮನೆ ನಡೆಯುವಷ್ಟು, ಗೌರವ ಮರಳುವಷ್ಟು, ಆಗಾಗ ದಾನ ಮಾಡುವಷ್ಟು ಸಂಪಾದಿಸಿದರು. ದೊಡ್ಡ ಏರುವಿಕೆಗಿಂತ ಈ ನಲವತ್ತು ವರ್ಷಗಳ ಸದ್ದಿಲ್ಲದ ಬದುಕಿನ ಬಗ್ಗೆ ಬರೆದವರು ಕಡಿಮೆ.

ದಲಾಲರ ಗುಂಪು ಆಲದ ಮರದಿಂದ ಮರಕ್ಕೆ ಸರಿಯುತ್ತ, 1874ರ ಹೊತ್ತಿಗೆ ಇಂದಿನ ದಲಾಲ್ ಸ್ಟ್ರೀಟಿಗೆ ಬಂದು ನೆಲೆಸಿತು. 1875ರಲ್ಲಿ ನೇಟಿವ್ ಷೇರ್ ಅಂಡ್ ಸ್ಟಾಕ್ ಬ್ರೋಕರ್ಸ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿಕೊಂಡರು. 318 ಸದಸ್ಯರು, ಪ್ರವೇಶ ಶುಲ್ಕ 1 ರೂಪಾಯಿ. ಅದೇ ಮುಂದೆ ಮುಂಬಯಿ ಷೇರು ಪೇಟೆ ಆಯಿತು. ಸ್ಥಾಪಕರ ಸಾಲಿನಲ್ಲಿ ಪ್ರೇಮಚಂದರ ಹೆಸರನ್ನು ಮೊದಲು ಹೇಳುವುದು ರೂಢಿ. ಹತ್ತು ವರ್ಷದ ಹಿಂದಿನ ಜುಲೈ 1ನ್ನು ಕಣ್ಣಾರೆ ಕಂಡವರು ಸದಸ್ಯರಿಗೆ ನಿಯಮ ಬೇಕು, ಮಾತು ತಪ್ಪಿದವನನ್ನು ಹೊರಗೆ ಹಾಕುವ ಅಧಿಕಾರ ಬೇಕು ಎಂದು ಕೂತದ್ದರಲ್ಲಿ ಆಶ್ಚರ್ಯವಿಲ್ಲ.

ಅವರ ದಾನದ ಫಲವನ್ನು ಅವರು ಬದುಕಿದ್ದಾಗಲೇ ನೋಡಿದರು. ಕಲ್ಕತ್ತಾದ ವಿದ್ಯಾರ್ಥಿ ವೇತನ ಆ ವಿಶ್ವವಿದ್ಯಾಲಯದ ಅತಿ ದೊಡ್ಡ ಗೌರವವಾಗಿ, ಪಡೆದವರು ಹೆಸರಿನ ಮುಂದೆ ಅದನ್ನು ಬರೆದುಕೊಳ್ಳುತ್ತಿದ್ದರು. ಆಮೇಲೆ ಅದೇ ವಿಶ್ವವಿದ್ಯಾಲಯದ ಉಪಕುಲಪತಿಯಾದ ಆಶುತೋಷ್ ಮುಖರ್ಜಿ, ಇತಿಹಾಸಕಾರ ಜದುನಾಥ್ ಸರ್ಕಾರ್ ಅದನ್ನು ಪಡೆದವರಲ್ಲಿ ಸೇರಿದ್ದಾರೆ. ಮುಂಬಯಿಯ ಗ್ರಂಥಾಲಯದ ನೆರಳು ಕನ್ನಡ ನಾಡಿಗೂ ಚಾಚಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಆರಂಭವಾಗುವವರೆಗೆ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಭಾಗದ ಹುಡುಗರು ಪದವಿ ಪಡೆಯುತ್ತಿದ್ದುದು ಮುಂಬಯಿ ವಿಶ್ವವಿದ್ಯಾಲಯದಿಂದಲೇ. ಆ ಭಾಗದ ಜೈನ ಮನೆಗಳಲ್ಲಿ ಮೊದಲ ವಕೀಲರಾದವರ, ಮೇಷ್ಟರಾದವರ ಪದವಿ ಪತ್ರಗಳಲ್ಲಿ ಆ ವಿಶ್ವವಿದ್ಯಾಲಯದ ಮೊಹರು ಇದೆ.

1906ರ ಆಗಸ್ಟ್ 31ರಂದು ಪ್ರೇಮಚಂದ್ ರಾಯಚಂದ್ ತೀರಿಕೊಂಡರು. ಏಳು ವರ್ಷಗಳ ಬಳಿಕ, 1913ರಲ್ಲಿ, ದಿನ್‌ಶಾ ವಾಚಾ ಅವರ ಜೀವನ ಚರಿತ್ರೆ ಬರೆದರು. ವಾಚಾ ಪಾರಸಿ, ಕಾಂಗ್ರೆಸ್ಸಿನ ಹಿರಿಯ ನಾಯಕರು. 1865ರ ಆ ದಿನಗಳಲ್ಲಿ ಇಪ್ಪತ್ತರ ತರುಣ. ಬೈಕುಲಾದ ಪ್ರೇಮೋದ್ಯಾನ ಆಮೇಲೆ ಕ್ರೈಸ್ತ ಸಂನ್ಯಾಸಿನಿಯರ ಕಾನ್ವೆಂಟ್ ಆಯಿತು. ಷೇರು ಕೇಳಲು ಊರಿನ ದೊಡ್ಡವರು ಕಾದು ನಿಲ್ಲುತ್ತಿದ್ದ ಆ ಆವರಣದಲ್ಲಿ ಹೆಣ್ಣುಮಕ್ಕಳು ಓದುತ್ತಾರೆ.